ಕಾಡುಮಲ್ಲಿಗೆಯ ಮೇಲಿನ ದೂರು

ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನದ ಬಸ್ಸಿನಲ್ಲಿ ಬೆಟ್ಟದಿಂದ ಇಳಿದು ಬಂದ ಮಾದಿ ಯಳಂದೂರು ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಬುಟ್ಟಿ ಇಳಿಸಿ, ಮೇಲಿದ್ದ ಒದ್ದೆ ಬಟ್ಟೆ ಸರಿಸಿ, ಮುತ್ತುಗದ ಎಲೆಯ ಪೊಟ್ಟಣ ಬಿಚ್ಚಿದಳು. ಒಳಗೆ ಬೆಳಿಗ್ಗೆ ಕಟ್ಟಿದ ಕಾಡುಮಲ್ಲಿಗೆಯ ಮಾಲೆ ಸುರುಳಿ ಸುತ್ತಿ ಕೂತಿತ್ತು. ಪಕ್ಕದಲ್ಲಿ ತೋಟದ ಹೂವು ಮಾರುವ ಪುಟ್ಟಮಲ್ಲಮ್ಮ ಇದ್ದಳು. ಇಬ್ಬರೂ ಎಂಟು ವರ್ಷದಿಂದ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತವರು, ಒಂದೇ ಸಂಚಿಯ ಎಲೆ ಅಡಿಕೆ ಹಾಕಿಕೊಂಡವರು. ಆವತ್ತು ಪುಟ್ಟಮಲ್ಲಮ್ಮ ಸಂಚಿ ತೆಗೆಯಲಿಲ್ಲ. ಅತ್ತಿತ್ತ ನೋಡಿ, ಮಾದಿಯ ಹತ್ತಿರ ಸರಿದು, ಬುಟ್ಟಿಯ ಮೇಲೆ ಬಟ್ಟೆ ಮುಚ್ಚು ಅಂದಳು.

ಯಾಕೆ ಅಂತ ಕೇಳಿದ್ದಕ್ಕೆ ವಿಷಯ ಒಂದೊಂದಾಗಿ ಹೊರಗೆ ಬಂತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿರುವ ಜ್ಯೋತಿಲಕ್ಷ್ಮಿಯವರ ತಮ್ಮನ ಮಗಳ ನಿಶ್ಚಿತಾರ್ಥ ಭಾನುವಾರ ನಡೆದಿತ್ತು. ಅದಕ್ಕೆ ಶನಿವಾರವೇ ಮಾದಿಯಿಂದ ಹತ್ತು ಮೊಳ ಹೂವು ಹೋಗಿತ್ತು. ಭಾನುವಾರ ಸಂಜೆಯಿಂದ ಜ್ಯೋತಿಲಕ್ಷ್ಮಿಯವರಿಗೆ ತಲೆಯೆಲ್ಲ ತುರಿಕೆ, ಉರಿ. ಸೋಮವಾರ ಬೆಳಗಾಗುವ ಹೊತ್ತಿಗೆ ಮುಖ ಊದಿ ಕಣ್ಣು ಬಿಡಲಾಗದ ಸ್ಥಿತಿ. ತಮ್ಮ ಕುಮಾರಸ್ವಾಮಿ ಅವರನ್ನು ಕಾರಿನಲ್ಲಿ ಹಾಕಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಓಡಿದ್ದ.

"ನಿನ್ ಊವಿಂದ್ಲೇ ಆಗಿದ್ದು ಅಂತವ್ರೆ ಕಣಮ್ಮಿ," ಅಂದಳು ಪುಟ್ಟಮಲ್ಲಮ್ಮ. "ಕಾಡಿನ್ ಊವು, ಯಾವ್ ಬಳ್ಳೀದೋ ಏನೋ ಅಂತ."

ಮಾದಿಯ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಎದ್ದು ನಿಂತು ಜಗಳಕ್ಕೆ ಬೀಳುತ್ತಿದ್ದರೇನೋ. ಹನ್ನೆರಡು ವರ್ಷದವಳಿದ್ದಾಗಿಂದ ಈ ಬೆಟ್ಟದ ಹೂವು ಬಿಡಿಸಿದವಳು ಅವಳು. ಊರಿನ ಮಲ್ಲಿಗೆಗಿಂತ ಈ ಹೂವು ಸಣ್ಣದು, ದಳ ಸಪೂರ, ನಕ್ಷತ್ರದ ಹಾಗೆ ಚೂಪು. ಏಪ್ರಿಲ್‌ನಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಕಾರೆಮುಳ್ಳಿನ ಮೇಲೆ, ಲಂಟಾನದ ಮೇಲೆ, ಬಂಡೆಯ ಸಂದಿನಲ್ಲಿ, ಎಲ್ಲೆಂದರಲ್ಲಿ ಬಳ್ಳಿ ಬೆಳ್ಳಗಾಗುತ್ತದೆ. ಒಂದು ಮೊಳ ಮುಡಿದರೆ ಮಾರನೆಯ ದಿನವೂ ತಲೆಯಲ್ಲಿ ಅದರ ಘಮ ಉಳಿದಿರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬರೂ ಒಂದು ಮಾತು ಅಂದದ್ದಿಲ್ಲ.

ಆದರೂ ಮಾದಿ ಸುಮ್ಮನೆ ಕೂತಳು. ಯಾಕೆಂದರೆ ಅವಳಿಗೆ ತನ್ನ ಮೇಲೆಯೇ ನಂಬಿಕೆ ಇರಲಿಲ್ಲ.

ಒಂದು ವರ್ಷದಿಂದ ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಬಿಸಿಲಿನಲ್ಲಿ ಎಲ್ಲವೂ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮಗಳು ಸುನಿತಾಳಿಗೂ ಹೇಳಿರಲಿಲ್ಲ. ಹೇಳಿದರೆ ಮಗಳು ಆ ದಿನದಿಂದಲೇ ಅವಳನ್ನು ಕಾಡಿಗೆ ಬಿಡುವುದಿಲ್ಲ. ಆನೆ ಇರುವ ಕಾಡಿಗೆ ಕಣ್ಣು ಕಾಣದ ತಾಯಿಯನ್ನು ಯಾವ ಮಗಳು ಕಳಿಸುತ್ತಾಳೆ? ಹಾಗಾಗಿ ಮಾದಿ ಸೋಲಿಗರ ಹಾಡಿಯಾದ ತಮ್ಮ ಪೋಡಿನ ಹೆಂಗಸರ ಹಿಂದೆ ಕಾಲಂದಾಜಿನ ಮೇಲೆ ನಡೆದು, ಮೂಗಿನಿಂದ ಬಳ್ಳಿ ಹುಡುಕಿ, ಬೆರಳಿನಿಂದ ಮೊಗ್ಗು ಬಿಡಿಸುತ್ತಿದ್ದಳು. ಗಿಡ ತುಂಬ ಬಿಳಿ ಬಿಳಿಯಾಗಿ ಕಾಣುತ್ತಿತ್ತು. ಯಾವ ಬಿಳಿ ಅನ್ನುವುದು ಕಾಣುತ್ತಿರಲಿಲ್ಲ.

ಕಾಡಿನಲ್ಲಿ ಬಿಳಿ ಹೂವು ಬಿಡುವುದು ಮಲ್ಲಿಗೆ ಒಂದೇ ಅಲ್ಲವಲ್ಲ. ಚಿತ್ರಮೂಲ ಅಂತ ಒಂದಿದೆ. ಪೊದೆಯ ನೆರಳಿನಲ್ಲಿ ಬೆಳೆದು, ಇನ್ನೊಂದರ ಮೇಲೆ ಒರಗಿಕೊಂಡು, ಅಕಾಲದಲ್ಲೂ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತದೆ. ದೂರಕ್ಕೆ ಮಲ್ಲಿಗೆಯ ತಂಗಿಯ ಹಾಗೇ ಕಾಣುತ್ತದೆ. ಘಮ ಇಲ್ಲ, ಹೂವಿನ ಕತ್ತು ಬೆರಳಿಗೆ ಅಂಟುತ್ತದೆ. ಅದರ ಬೇರು ಅರೆದು ಚರ್ಮಕ್ಕೆ ಹಚ್ಚಿದರೆ ಕೆಂಡ ಇಟ್ಟ ಹಾಗೆ ಬೊಬ್ಬೆ ಏಳುತ್ತದೆ. ಮಾದಿಯ ಅಜ್ಜಿ ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದಳು.

ಶನಿವಾರ ಹೂವು ಕಟ್ಟುವಾಗ ಬೆರಳಿಗೆ ಏನಾದರೂ ಅಂಟಿತ್ತೇ? ಮಾದಿ ನೆನಪು ಮಾಡಿಕೊಂಡಳು. ಅಂಟಿರಲಿಲ್ಲ ಅನಿಸಿತು. ಮತ್ತೆ ಯೋಚಿಸಿದರೆ, ಬಾಳೆನಾರು ಒದ್ದೆಯಾಗಿತ್ತು, ಅಂಟಿದ್ದರೂ ಗೊತ್ತಾಗುತ್ತಿರಲಿಲ್ಲ ಅನಿಸಿತು. ಆವತ್ತು ಎರಡು ಗಂಟೆಯಿಂದ ನಾಲ್ಕರ ತನಕ ಒಬ್ಬರೂ ಅವಳ ಬುಟ್ಟಿಯ ಮುಂದೆ ನಿಲ್ಲಲಿಲ್ಲ. ಗುರುತಿನ ಹೆಂಗಸೊಬ್ಬಳು ನಿಲ್ಲಲು ಹೋಗಿ, ಪಕ್ಕದವಳು ಕೈ ಹಿಡಿದೆಳೆದ ಮೇಲೆ ಮುಂದೆ ಹೋದಳು. ಮಾದಿ ಅಷ್ಟೂ ಹೂವನ್ನು ತಿರುಗಿ ಹೊತ್ತುಕೊಂಡು ನಾಲ್ಕೂವರೆ ಬಸ್ಸು ಹತ್ತಿದಳು. ಗುಂಬಳ್ಳಿ ದಾಟಿ ಬಸ್ಸು ಘಾಟಿ ಏರುವಾಗ ಮಾಲೆ ಅರಳಿ ಬಸ್ಸೆಲ್ಲ ಘಮಘಮ ಅನ್ನತೊಡಗಿತು. ಜನ ತಿರುಗಿ ನೋಡಿದರು. ಅವಳು ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿ ಸೆರಗು ಮುಚ್ಚಿದಳು.

ಬುಧವಾರ ಅವಳು ಕಾಡಿಗೆ ಹೋಗಲಿಲ್ಲ. ಮಗಳು ಕೇಳಿದ್ದಕ್ಕೆ ಸೊಂಟ ನೋವು ಅಂದಳು. ಆದರೆ ಸುದ್ದಿ ಅವಳ ಹಿಂದೆಯೇ ಬೆಟ್ಟ ಹತ್ತಿತು. ಗುರುವಾರ ಯಳಂದೂರಿಗೆ ಜೇನು ಮಾರಲು ಹೋಗಿದ್ದ ಕ್ಯಾತಯ್ಯ, ಪೋಡಿನ ಹಿರಿಯ, ಅರ್ಧಕ್ಕರ್ಧ ಬಾಟಲಿ ತಿರುಗಿ ತಂದ. ಅವನು ದೂರು ಹೇಳಲು ಬಂದವನಲ್ಲ. ಮಾದಿಯ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ಬೀಡಿ ಸೇದಿ, ಊರಿನ ಜನ ಕಾಡಿನ ಪದಾರ್ಥ ಅಂದರೆ ಮೂಗು ಮುರಿಯುತ್ತಿದ್ದಾರೆ, ಹೂವಿನಲ್ಲಿ ವಿಷ ಇದ್ದರೆ ಜೇನಿನಲ್ಲಿ ಇರುವುದಿಲ್ಲವೇ ಅಂತ ಒಬ್ಬ ಅಂಗಡಿಯವ ಕೇಳಿದ ಅಂತ ಹೇಳಿದ. ಕುಮಾರಸ್ವಾಮಿ ಅನ್ನುವವನು ಸೋಲಿಗರು ಬಸ್ ಸ್ಟ್ಯಾಂಡಿನಲ್ಲಿ ಮಾರುವುದನ್ನೇ ನಿಲ್ಲಿಸಿ ಅಂತ ಅರ್ಜಿ ಬರೆಯುತ್ತೇನೆ ಅನ್ನುತ್ತಿದ್ದಾನಂತೆ. ಕಾಡಿನ ಉತ್ಪನ್ನ ತೆಗೆಯುವ ಹಕ್ಕಿಗಾಗಿ ಎಷ್ಟು ವರ್ಷ ಕಚೇರಿ ಅಲೆದಿದ್ದರು ಅನ್ನುವುದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಲೆದವರಲ್ಲಿ ಮಾದಿಯೂ ಒಬ್ಬಳು.

ಕ್ಯಾತಯ್ಯ ಎದ್ದು ಹೋದ ಮೇಲೆ ಮಾದಿ ಮಗಳನ್ನು ಕರೆದು, ಶನಿವಾರ ಹೂ ಬಿಡಿಸಿದ ಜಾಗಕ್ಕೆ ಹೋಗಿ ಬರೋಣ ಅಂದಳು. ಸುನಿತಾ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ರಜೆಯ ದಿನಗಳಾದ್ದರಿಂದ ಮನೆಯಲ್ಲೇ ಇದ್ದಳು. ಸೊಂಟ ನೋವು ಅಂದವಳು ಈಗ ಗುಡ್ಡ ಹತ್ತುತ್ತೇನೆ ಅನ್ನುವುದು ಅವಳಿಗೆ ವಿಚಿತ್ರವಾಗಿ ಕಂಡರೂ ಕತ್ತಿ ತೆಗೆದುಕೊಂಡು ಹೊರಟಳು.

ಪೋಡಿನಿಂದ ಅರ್ಧ ಗಂಟೆಯ ದಾರಿ. ಹಳ್ಳದ ಪಕ್ಕ ಕಾರೆಮುಳ್ಳಿನ ದೊಡ್ಡ ಪೊದೆ, ಅದನ್ನು ಪೂರ್ತಿ ಹೊದ್ದುಕೊಂಡ ಮಲ್ಲಿಗೆ ಬಳ್ಳಿ. ನಾಲ್ಕು ದಿನದಿಂದ ಯಾರೂ ಬಿಡಿಸದೆ ಹೂವೆಲ್ಲ ಅರಳಿ ನೆಲಕ್ಕೂ ಉದುರಿತ್ತು. ಜೇನು ಗುಂಯ್ ಅನ್ನುತ್ತಿತ್ತು. ಮಾದಿ ಪೊದೆಯ ಮುಂದೆ ನಿಂತು, ಮಗಳ ಕಡೆ ನೋಡದೆ, ಇಲ್ಲೆಲ್ಲಾದರೂ ಚಿತ್ರಮೂಲ ಇದೆಯಾ ನೋಡು ಅಂದಳು.

ಸುನಿತಾ ತಿರುಗಿ ತಾಯಿಯನ್ನೇ ನೋಡಿದಳು.

"ಅವ್ವ, ನಿನ್ ಮಣಕಾಲ್ ತಾವೇ ಅದಲ್ಲ. ಕಾಣಾಕಿಲ್ವಾ?"

ಮಾದಿ ಬಗ್ಗಿ ಕೈ ಚಾಚಿದಳು. ಬೆರಳಿಗೆ ಹೂ ಸಿಕ್ಕಿತು. ಕತ್ತು ಅಂಟಿತು. ಚಿತ್ರಮೂಲದ ಮೂರು ನಾಲ್ಕು ಕಡ್ಡಿ ಮಲ್ಲಿಗೆಯ ಬಳ್ಳಿಯ ಒಳಕ್ಕೇ ನುಗ್ಗಿ, ಎರಡರ ಹೂವೂ ಒಂದೇ ಗೊಂಚಲಿನ ಹಾಗೆ ನಿಂತಿದ್ದವು. ಕಣ್ಣಿದ್ದವರಿಗೆ ಅದು ಬೇರೆ, ಇದು ಬೇರೆ. ಅವಳಿಗೆ ಎಲ್ಲವೂ ಒಂದು ಬಿಳಿ.

ಸುನಿತಾ ತಾಯಿಯ ಭುಜ ಹಿಡಿದು ತಿರುಗಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಇಳಿ ಮಧ್ಯಾಹ್ನದ ಬೆಳಕಿನಲ್ಲಿ ಬಲಗಣ್ಣಿನ ಪಾಪೆ ಹಾಲಿನ ಹನಿ ಬಿದ್ದ ಹಾಗಿತ್ತು. ದಿನಾ ಎದುರಿಗೇ ಕೂತು ಉಣ್ಣುವ ತಾಯಿಯ ಮುಖದಲ್ಲಿ ಇದನ್ನು ತಾನು ಹೇಗೆ ಕಾಣದೆ ಹೋದೆ ಅಂತ ಅವಳು ತನ್ನನ್ನೇ ಬೈದುಕೊಂಡಳು. ತಾಯಿಯನ್ನೂ ಬೈದಳು. ಆಮೇಲೆ ಇಬ್ಬರೂ ಬಂಡೆಯ ಮೇಲೆ ಕೂತರು. ಮಾದಿ ಎಲ್ಲವನ್ನೂ ಹೇಳಿದಳು.

ಕೇಳಿಸಿಕೊಂಡ ಸುನಿತಾ ಬೇರೆ ದಾರಿ ಹಿಡಿದಳು. ಬೇರು ಸುಡುತ್ತದೆ ಸರಿ, ಹೂವು ಸುಡುತ್ತದೆ ಅಂತ ಯಾರು ಹೇಳಿದರು? ನೋಡೇ ಬಿಡೋಣ ಅಂತ ಚಿತ್ರಮೂಲದ ಹೂವು ಎಲೆ ಕಿತ್ತು, ಕೈಯಲ್ಲಿ ಹೊಸಕಿ, ತಾಯಿಯ ಮುಂಗೈಗೆ ಬಟ್ಟೆ ಚೂರಿನಲ್ಲಿ ಕಟ್ಟಿದಳು. ನಿನ್ನದು ಎತ್ತಿನ ಚರ್ಮ, ಅದಕ್ಕೆ ಏನು ತಟ್ಟುತ್ತದೆ ಅಂತ ತನ್ನ ಮುಂಗೈಗೂ ಒಂದು ಕಟ್ಟಿಕೊಂಡಳು. ಮಾರನೆಯ ದಿನ ಅದೇ ಹೊತ್ತಿಗೆ ಬಿಚ್ಚಿ ನೋಡಿದರೆ ಇಬ್ಬರ ಕೈಯೂ ಇದ್ದ ಹಾಗೇ ಇತ್ತು. ಸುನಿತಾಳ ಕೈಯಲ್ಲಿ ಸ್ವಲ್ಪ ಕೆಂಪು, ಅದೂ ಬಿಗಿಯಾಗಿ ಕಟ್ಟಿದ್ದಕ್ಕೋ ಏನೋ. ಆದರೂ ಕಾಡಿನವರ ಕೈಗೆ ಆಗದ್ದು ಊರಿನವರ ತಲೆಗೂ ಆಗುವುದಿಲ್ಲ ಅಂತ ಹೇಗೆ ಹೇಳುವುದು ಅನ್ನುವ ಅನುಮಾನ ಮಾದಿಗೆ ಉಳಿಯಿತು.

ಅದೇ ದಿನ ಅವಳು ತಾಯಿಯನ್ನು ಬೆಟ್ಟದ ಆಸ್ಪತ್ರೆಗೂ ಎಳೆದುಕೊಂಡು ಹೋದಳು. ನರ್ಸಮ್ಮ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಎರಡರಲ್ಲೂ ಪೊರೆ ಬಂದಿದೆ, ಕೊಳ್ಳೇಗಾಲದಲ್ಲಿ ಆಪರೇಷನ್ ಮಾಡುತ್ತಾರೆ, ಹೆದರುವಂಥದ್ದು ಏನೂ ಇಲ್ಲ, ಇಷ್ಟು ದಿನ ಯಾಕೆ ಬಿಟ್ಟುಕೊಂಡಿದ್ದೆ ಅಂದರು. ಮುಂದಿನ ಗುರುವಾರಕ್ಕೆ ಚೀಟಿ ಬರೆದುಕೊಟ್ಟರು. ಇನ್ನೊಂದು ಹೊತ್ತಾಗಿದ್ದರೆ ಮಾದಿಗೆ ಅದೇ ದೊಡ್ಡ ಸಮಾಧಾನ ಆಗಿರುತ್ತಿತ್ತು. ತಾನು ಕುರುಡಿಯಾಗುತ್ತೇನೆ ಅಂತಲೇ ಅವಳು ಒಂದು ವರ್ಷದಿಂದ ಒಳಗೊಳಗೆ ತೀರ್ಮಾನ ಮಾಡಿಕೊಂಡಿದ್ದಳು. ಆದರೆ ಆ ಮಾತು ಅವಳೊಳಗೆ ಇಳಿಯಲಿಲ್ಲ. ಎದೆಯಲ್ಲಿ ಜ್ಯೋತಿಲಕ್ಷ್ಮಿಯವರ ಊದಿದ ಮುಖವೇ ಕೂತಿತ್ತು. ತಾನು ಕಂಡೇ ಇರದ ಆ ಮುಖ ಅವಳಿಗೆ ಕಣ್ಣು ಮುಚ್ಚಿದರೂ ಸ್ಪಷ್ಟವಾಗಿ ಕಾಣುತ್ತಿತ್ತು. ತಟ್ಟೆಯ ಅನ್ನ ಅರ್ಧಕ್ಕೇ ಉಳಿಯುತ್ತಿತ್ತು. ನಿದ್ದೆ ಅನ್ನುವುದು ಹತ್ತಿರ ಸುಳಿಯುತ್ತಿರಲಿಲ್ಲ.

ಭಾನುವಾರ ಅವಳು, ನಾಳೆ ಹೋಗಿ ಕಚೇರಿ ಅಮ್ಮಾರಿಗೆ ಹೇಳಿ ಬರುತ್ತೇನೆ ಅಂದಳು. ಏನು ಅಂತ ಹೇಳುತ್ತೀಯ ಅಂತ ಸುನಿತಾ ಕೇಳಿದಳು. ಆಗಿದ್ದು ಹೂವಿನಿಂದಲೇ ಅಂತ ಯಾರೂ ತೋರಿಸಿಕೊಟ್ಟಿಲ್ಲ, ನೀನೇ ಹೋಗಿ ಒಪ್ಪಿಕೊಂಡರೆ ಅವರ ತಮ್ಮನ ಅರ್ಜಿಗೆ ನೀನೇ ಸಾಕ್ಷಿ ಕೊಟ್ಟ ಹಾಗಾಗುತ್ತದೆ, ಪೋಡಿನವರ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತದೆ ಅಂದಳು. ಮಾತು ಸುಳ್ಳಾಗಿರಲಿಲ್ಲ. ಮಾದಿ ಕ್ಯಾತಯ್ಯನನ್ನು ಕೇಳಿದಳು. ಅವನು, ನಿನ್ನ ಕೈಯಿಂದ ಏನಾಗಿದೆಯೋ ನಿನಗೇ ಗೊತ್ತಿಲ್ಲ, ಗೊತ್ತಿಲ್ಲ ಅನ್ನುವುದನ್ನೇ ಹೋಗಿ ಹೇಳು ಅಂದ. ಅಷ್ಟೇ ಅವನು ಹೇಳಿದ್ದು.

ಸೋಮವಾರ ಮಧ್ಯಾಹ್ನ ಮಾದಿ ಬರಿಗೈಯಲ್ಲಿ ಯಳಂದೂರಿನಲ್ಲಿ ಇಳಿದಳು. ಜ್ಯೋತಿಲಕ್ಷ್ಮಿಯವರ ಮನೆ ಬಳೇಪೇಟೆಯ ಹಿಂದಿನ ಬೀದಿಯಲ್ಲಿ. ಒಂಟಿ ಹೆಂಗಸು, ನಲವತ್ತೊಂಬತ್ತು ವರ್ಷ, ಮನೆ ಅಚ್ಚುಕಟ್ಟು. ವರ್ಷಾನುಗಟ್ಟಲೆಯಿಂದ ಮಾದಿಯ ಹತ್ತಿರ ಹೂವು, ಸೀಗೆಕಾಯಿ, ಮಾಗಿದ ನೆಲ್ಲಿಕಾಯಿ ಕೊಳ್ಳುವವರು. ಚೌಕಾಸಿ ಮಾಡುವವರಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಎರಡು ಮಾತು ಆಡದೆ ಹೋಗುವವರಲ್ಲ. ಅದಕ್ಕೇ ಮಾದಿಯ ಕಾಲು ಗೇಟಿನ ಹತ್ತಿರ ಬಂದು ನಿಂತುಬಿಟ್ಟಿತು. ಬೈಯುವವರ ಮುಂದೆ ನಿಲ್ಲುವುದು ಅಷ್ಟು ಕಷ್ಟವಲ್ಲ.

ಬಾಗಿಲು ತೆಗೆದವರು ಅವರೇ. ತಲೆಗೆ ಹತ್ತಿ ಬಟ್ಟೆ ಸುತ್ತಿದ್ದರು. ಮುಖ ಹೇಗಿದೆ ಅಂತ ಮಾದಿಗೆ ಸರಿಯಾಗಿ ಕಾಣಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅಮ್ಮಾರೆ, ತಪ್ಪು ನಂದೇ ಇರಬೌದು. ನಂಗೆ ಕಣ್ಣು ಸರ್ಯಾಗಿ ಕಾಣ್ತಿಲ್ಲ, ಒಂದ್ ವರ್ಸಾಯ್ತು, ಯಾರ್ಗೂ ಏಳಿರ್ನಿಲ್ಲ. ಮಲ್ಲಿಗೆ ಪೊದೇಲಿ ಚಿತ್ರಮೂಲ ಸೇರ್ಕಂಡು ಬೆಳ್ದದೆ. ಅದು ನಿಮ್ ಮಾಲೇಗೆ ಬಂತೋ ಇಲ್ವೋ ನಂಗೊತ್ತಿಲ್ಲ. ಗೊತ್ತಿಲ್ಲ ಅನ್ನಾದ್ನೇ ಏಳಾಕೆ ಬಂದೆ."

ಜ್ಯೋತಿಲಕ್ಷ್ಮಿಯವರು ಬಾಗಿಲಿನ ಪಕ್ಕಕ್ಕೆ ಸರಿದರು. ಆಮೇಲೆ ಒಳಗೆ ಬಾ ಅಂದರು. ಕೂತ್ಕೊ ಅಂದರು. ಅಡುಗೆಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಅವಳ ಕೈಗೆ ಕೊಟ್ಟರು. ಬೀದಿಯ ಬಾಗಿಲು ಹಾಕಿ, ಎದುರಿನ ಕುರ್ಚಿ ಬಿಟ್ಟು, ನೆಲದ ಮೇಲೆ ಮಾದಿಯ ಪಕ್ಕದಲ್ಲೇ ಕೂತರು.

"ನಿನ್ನ ಹೂವಿಂದ ಏನೂ ಆಗಿಲ್ಲ ಮಾದಿ," ಅಂದರು.

ಮಾದಿ ಮಜ್ಜಿಗೆಯ ಲೋಟವನ್ನು ಹಾಗೇ ಹಿಡಿದುಕೊಂಡಿದ್ದಳು. ಅವರು ಮುಂದುವರಿಸಿದರು. ಕೊಳ್ಳೇಗಾಲದ ಡಾಕ್ಟರು ಮೊದಲ ದಿನವೇ ಕೇಳಿದ್ದರು, ಆ ಹೂವನ್ನು ಮನೆಯಲ್ಲಿ ಇನ್ನು ಯಾರು ಮುಡಿದಿದ್ದರು ಅಂತ. ಎಂಟು ಜನ ಮುಡಿದಿದ್ದರು, ಮದುವಣಗಿತ್ತಿಯೂ ಸೇರಿ. ಯಾರಿಗೂ ಒಂದು ಗುಳ್ಳೆ ಎದ್ದಿರಲಿಲ್ಲ. ಆಮೇಲೆ ಡಾಕ್ಟರು ಅವರ ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ಕೂದಲು ಬಗೆದು ನೋಡಿ, ಬೇರೆ ಒಂದು ಪ್ರಶ್ನೆ ಕೇಳಿದರು. ಪಕ್ಕದಲ್ಲಿ ತಮ್ಮ ನಿಂತಿದ್ದ. ಇಲ್ಲ ಅಂದುಬಿಟ್ಟರು. ಬುಧವಾರ ಒಬ್ಬರೇ ಹೋದಾಗ ಡಾಕ್ಟರು ಮತ್ತೆ ಅದನ್ನೇ ಕೇಳಿದರು. ಹೌದು ಅಂದರು.

ಏನು ಕೇಳಿದರು ಅಂತ ಮಾದಿಗೆ ಅರ್ಥವಾಗಲಿಲ್ಲ. ಜ್ಯೋತಿಲಕ್ಷ್ಮಿಯವರು ಮಾತಿನಲ್ಲಿ ಹೇಳುವ ಬದಲು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ತಲೆ ಬಗ್ಗಿಸಿ ಬೈತಲೆ ತೋರಿಸಿದರು. ತೋರಿಸಿದರೆ ಸಾಕು, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ ಅಂದುಕೊಂಡಿರಬೇಕು. ಮಾದಿ ಬಗ್ಗಿ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು.

"ನಂಗೆ ಕಾಣ್ತಿಲ್ಲ ಅಮ್ಮಾರೆ," ಅಂದಳು.

ಹಾಗಾಗಿ ಅವರು ಬಾಯಿಬಿಟ್ಟೇ ಹೇಳಬೇಕಾಯಿತು.

"ಬೆಳ್ಳಗಾಗಿದೆ ಮಾದಿ. ಆರು ವರ್ಷದಿಂದ ಬೆಳ್ಳಗಾಗಿದೆ. ಬಣ್ಣ ಹಚ್ಕೊಳ್ತಿದ್ದೆ. ಈ ಸಲ ಬೇರೆ ಯಾವುದೋ ಪ್ಯಾಕೆಟ್ ತಂದು ಶನಿವಾರ ಹಚ್ಚಿದ್ದೆ. ಅದರಿಂದ ಆಗಿದ್ದು."

ಇದು ಮಾದಿಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಈ ಬಣ್ಣದ ವಿಷಯ ಅವರು ತಮ್ಮನಿಗಾಗಲಿ ಕಚೇರಿಯವರಿಗಾಗಲಿ ಯಾಕೆ ಹೇಳಿರಲಿಲ್ಲ ಅನ್ನುವುದನ್ನೂ ಜ್ಯೋತಿಲಕ್ಷ್ಮಿಯವರೇ ಹೇಳಿದರು. ಐವತ್ತು ಹತ್ತಿರ ಬಂದರೂ ಒಂದು ಬಿಳಿ ಕೂದಲಿಲ್ಲವಲ್ಲ ಅಂತ ಕಚೇರಿಯಲ್ಲಿ ಎಲ್ಲರೂ ಬೆರಗಾಗುತ್ತಿದ್ದರು. ಮೊದಲ ಸಲ ಯಾರೋ ಗುಟ್ಟು ಕೇಳಿದಾಗ, ಬಾಯಿಗೆ ಬಂದದ್ದು ಮಾದಿಯ ಸೀಗೆಕಾಯಿ. ಬೆಟ್ಟದ ಸೀಗೆಕಾಯಿ ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ ಅಂದುಬಿಟ್ಟಿದ್ದರು. ಅವರ ಮಾತು ಕೇಳಿ ಕಚೇರಿಯ ಅರ್ಧ ಹೆಂಗಸರು ಮಾದಿಯ ಹತ್ತಿರ ಸೀಗೆಕಾಯಿ ಕೊಂಡಿದ್ದರು. ಮುಖ ಊದಿದಾಗ ತಮ್ಮನೇ ಹೂವಿನ ಮೇಲೆ ಅನುಮಾನ ಹಾಕಿದ. ಅವರು ಅಲ್ಲ ಅನ್ನಲಿಲ್ಲ. ಆಮೇಲೆ ಅಲ್ಲ ಅನ್ನಲು ಧೈರ್ಯ ಬರಲಿಲ್ಲ.

ಮಾದಿ ಲೋಟ ಕೆಳಗಿಟ್ಟಳು. ಮೊದಲು ಬಂದದ್ದು ನಗುವಲ್ಲ.

"ಬುದವಾರ್ದಿಂದ್ಲೂ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾ ಒಟ್ಟೆ ತುಂಬ ಅನ್ನ ತಿಂದು ಆರ್ ದಿನ ಆಯ್ತು ಅಮ್ಮಾರೆ."

ಜ್ಯೋತಿಲಕ್ಷ್ಮಿಯವರು ತಲೆ ಎತ್ತಲಿಲ್ಲ. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದು ಹೇಳಬೇಕು ಅಂತ ಸೀರೆ ಉಟ್ಟು ಹೊರಡುತ್ತಿದ್ದೆ, ಬಾಗಿಲ ತನಕ ಬಂದು ತಿರುಗುತ್ತಿದ್ದೆ ಅಂದರು. ಅವರ ಕಣ್ಣಲ್ಲಿ ನೀರು ಬಂದಿರಬೇಕು. ದನಿಯಲ್ಲಿ ಗೊತ್ತಾಯಿತು. ಮಾದಿಗೆ ಸಿಟ್ಟು ಇತ್ತು. ಇದ್ದದ್ದು ನಿಜ. ಆದರೆ ಆ ಸಿಟ್ಟಿಗಿಂತ ದೊಡ್ಡದೊಂದು ಅವಳ ಎದೆಯಿಂದ ಆಗಲೇ ಇಳಿದು ಹೋಗತೊಡಗಿತ್ತು. ಹೊರೆ ಸೌದೆ ತಲೆಯ ಮೇಲಿಂದ ಇಳಿಸಿದ ಮೇಲೆ ಕತ್ತು ತಾನಾಗಿ ಮೇಲೆ ಏಳುತ್ತದಲ್ಲ, ಹಾಗಾಯಿತು. ತನ್ನ ಕೈ ತಪ್ಪು ಮಾಡಿರಲಿಲ್ಲ. ಕಣ್ಣು ಕಾಣದಿದ್ದರೂ ಮೂಗು ಬೆರಳು ಸರಿಯಾಗೇ ಕೆಲಸ ಮಾಡಿದ್ದವು. ಚಿತ್ರಮೂಲ ಮೊಣಕಾಲ ಹತ್ತಿರವೇ ಇದ್ದರೂ ಒಂದು ಹೂವೂ ಬುಟ್ಟಿಗೆ ಬಂದಿರಲಿಲ್ಲ ಅನಿಸಿತು.

ಆಗ ಅವಳಿಗೆ ಸೀಗೆಕಾಯಿಯ ವಿಷಯ ನೆನಪಾಗಿ ನಗು ಬಂತು. ತನ್ನ ಸೀಗೆಕಾಯಿಗೆ ಕೂದಲು ಕಪ್ಪು ಮಾಡುವ ಶಕ್ತಿ ಇದೆ ಅಂತ ಅವಳೂ ನಂಬಿದ್ದಳು. ಬೇರೆ ಗಿರಾಕಿಗಳಿಗೆ ತಾಲ್ಲೂಕು ಕಚೇರಿ ಅಮ್ಮಾರನ್ನು ನೋಡಿ ಅಂತ ತೋರಿಸಿ ಮಾರಿದ್ದಳು. ಅದನ್ನು ಹೇಳಿದಳು. ಜ್ಯೋತಿಲಕ್ಷ್ಮಿಯವರಿಗೂ ನಗು ತಡೆಯಲಾಗಲಿಲ್ಲ. ಇನ್ನೂ ಪೂರ್ತಿ ಇಳಿಯದ ಊತದಿಂದಾಗಿ ನಕ್ಕರೆ ಕೆನ್ನೆ ನೋಯುತ್ತಿತ್ತು. ಎರಡು ಕೈಯಲ್ಲೂ ಕೆನ್ನೆ ಹಿಡಿದುಕೊಂಡು ನಕ್ಕರು. ಮಾದಿ ಮಜ್ಜಿಗೆ ಕುಡಿದಳು. ಆಮೇಲೆ ಅವರು ಬಡಿಸಿದ ಅನ್ನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

ಊಟ ಮುಗಿದ ಮೇಲೆ ಜ್ಯೋತಿಲಕ್ಷ್ಮಿಯವರು ತಮ್ಮನಿಗೆ ಫೋನ್ ಮಾಡಿದರು. ಒಳಗಿನ ಕೋಣೆಗೆ ಹೋಗಿ ಮಾತಾಡಿದ್ದರಿಂದ ಮಾದಿಗೆ ಕೇಳಿಸಿದ್ದು ಅರ್ಧ. ಅರ್ಜಿ ಗಿರ್ಜಿ ಏನೂ ಬೇಡ, ಬರೆದಿದ್ದರೆ ಹರಿದು ಹಾಕು ಅಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. ಹೊರಗೆ ಬಂದು, ನಡಿ, ನಿನ್ನನ್ನು ಬಸ್ ಹತ್ತಿಸಿ ಬರುತ್ತೇನೆ ಅಂದರು. ಹೊರಡುವಾಗ ತಲೆಗೆ ಬಟ್ಟೆ ಸುತ್ತಿಕೊಳ್ಳಲು ಹೋಗಿ, ಒಂದು ಗಳಿಗೆ ಕನ್ನಡಿಯ ಮುಂದೆ ನಿಂತು, ಅದನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಗಂಟೆಯ ಜನ. ಪುಟ್ಟಮಲ್ಲಮ್ಮ ಇಬ್ಬರೂ ಜೊತೆಯಾಗಿ ಬರುವುದನ್ನು ನೋಡಿ, ಅಳೆಯುತ್ತಿದ್ದ ಹೂವನ್ನು ಅಲ್ಲಿಗೇ ನಿಲ್ಲಿಸಿದಳು. ಜ್ಯೋತಿಲಕ್ಷ್ಮಿಯವರು ಅವಳ ಮುಂದೆ ನಿಂತು, ಮೆಲ್ಲಗೂ ಅಲ್ಲ, ಜೋರಾಗೂ ಅಲ್ಲ, ಕಚೇರಿಯಲ್ಲಿ ಅರ್ಜಿದಾರರಿಗೆ ಹೇಳುವ ದನಿಯಲ್ಲಿ ಹೇಳಿದರು.

"ತಲೆಗೆ ಬಣ್ಣ ಹಚ್ಚಿ ನನ್ನ ಮುಖ ಊದಿದ್ದು. ಇವಳ ಹೂವಿಂದ ಅಲ್ಲ. ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಯಾರಾದ್ರೂ ಕೇಳಿದ್ರೆ ಹೀಗೇ ಹೇಳು."

ಪುಟ್ಟಮಲ್ಲಮ್ಮನಿಗೆ ಯಾರಾದರೂ ಕೇಳುವ ತನಕ ಕಾಯುವ ಅಭ್ಯಾಸ ಇರಲಿಲ್ಲ. ಜ್ಯೋತಿಲಕ್ಷ್ಮಿಯವರ ಬೈತಲೆಯನ್ನು ಒಮ್ಮೆ ನೋಡಿ, ಮಾದಿಯನ್ನು ಒಮ್ಮೆ ನೋಡಿ, ಹೂವು ಕೊಳ್ಳಲು ನಿಂತಿದ್ದ ಇಬ್ಬರು ಹೆಂಗಸರಿಗೆ ಆಗಲೇ ಶುರು ಮಾಡಿದಳು. ಮಂಗಳವಾರದ ಸುದ್ದಿ ಎಷ್ಟು ಬೇಗ ಊರು ಸುತ್ತಿತ್ತೋ ಈ ಸುದ್ದಿ ಅದಕ್ಕಿಂತ ಬೇಗ ಸುತ್ತುತ್ತದೆ ಅನ್ನುವುದರಲ್ಲಿ ಮಾದಿಗೆ ಅನುಮಾನ ಉಳಿಯಲಿಲ್ಲ. ಆಮೇಲೆ ಪುಟ್ಟಮಲ್ಲಮ್ಮ ಸಂಚಿ ತೆಗೆದು ಎಲೆ ಅಡಿಕೆ ಮುಂದೆ ಚಾಚಿದಳು. ನಾನೂ ನಂಬಿಬಿಟ್ಟೆ ಕಣಮ್ಮಿ ಅಂದಳು. ಮಾದಿ, ನಾನೇ ನಂಬಿದ್ದೆ ಅಂದಳು.

ನಾಲ್ಕೂವರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜ್ಯೋತಿಲಕ್ಷ್ಮಿಯವರು ಕಿಟಕಿಯ ಕೆಳಗೆ ನಿಂತು, ಗುರುವಾರ ಕಣ್ಣಿನ ಆಸ್ಪತ್ರೆಗೆ ತಾವೂ ಬರುವುದಾಗಿ ಹೇಳಿದರು. ತಮ್ಮ ತಾಯಿಗೂ ಇದೇ ಪೊರೆ ತೆಗೆಸಿದ್ದು, ಮೂರನೆಯ ದಿನ ಗೋಡೆಯ ಕ್ಯಾಲೆಂಡರ್ ಓದಿದರು ಅಂದರು. ಮಾದಿಗೆ ಓದು ಬರುತ್ತಿರಲಿಲ್ಲ, ಆದರೂ ಆ ಮಾತು ಅವಳಿಗೆ ಹಿತವಾಯಿತು. ನರ್ಸಮ್ಮ ಹೇಳಿದ್ದು ಈಗ ಮೊದಲ ಸಲ ಅವಳೊಳಗೆ ಹೋಗಿ ಕೂತಿತು. ಪೊರೆ ಅಷ್ಟೇ. ತೆಗೆಯುತ್ತಾರೆ. ಕಾಣುತ್ತದೆ.

ಬಸ್ಸು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ್ದು ಅವಳಿಗೆ ಗೊತ್ತಾಯಿತು. ಅಲ್ಲಿಂದಾಚೆ ಕಾಡಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮೊದಲ ತಿರುವಿನಲ್ಲಿ ಎಲ್ಲಿಂದಲೋ ಮಲ್ಲಿಗೆಯ ಘಮ ಕಿಟಕಿಯೊಳಕ್ಕೆ ನುಗ್ಗಿತು. ಎರಡನೆಯ ತಿರುವು ಅವಳಿಗೆ ನೆನಪಿಲ್ಲ.

ಮುಂದಿನದು ಅವಳಿಗೆ ಆಮೇಲೆ ಬೇರೆಯವರು ಹೇಳಿದ್ದು. ಪೋಡಿನ ಕ್ರಾಸಿನಲ್ಲಿ ಸುನಿತಾ ಆನೆಯ ಭಯಕ್ಕೆ ಇನ್ನಿಬ್ಬರನ್ನು ಜೊತೆಗೆ ಕರೆದುಕೊಂಡು ಕಾಯುತ್ತಿದ್ದಳು. ಬಸ್ಸು ನಿಲ್ಲದೆ ಮುಂದೆ ಹೋಯಿತು. ಗಾಬರಿಯಾಗಿ ಅವಳು ಫೋನ್ ಮಾಡಿದಳು. ಮಾದಿಯ ಮಡಿಲಿನ ಚೀಲದಲ್ಲಿ ಫೋನ್ ಬಡಿದುಕೊಂಡಿತು. ಎರಡು ಸಲ ಬಡಿದುಕೊಂಡ ಮೇಲೆ, ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸು ಅದನ್ನು ಮೆಲ್ಲಗೆ ತೆಗೆದು ಕಿವಿಗಿಟ್ಟುಕೊಂಡು, ನಿಮ್ಮವ್ವ ನನ್ನ ಭುಜದ ಮೇಲೆ ಮಲಗಿಬಿಟ್ಟಿದ್ದಾರೆ, ಎಬ್ಬಿಸಲಾ ಅಂತ ಕೇಳಿದಳು.

ಸುನಿತಾ, ಅವ್ವ ಅಳುತ್ತಿದ್ದಳಾ ಅಂತ ಕೇಳಿದಳು. ಇಲ್ಲ, ಗೊರಕೆ ಹೊಡೆಯುತ್ತಿದ್ದಾರೆ ಅಂದಳು ಆ ಹೆಂಗಸು.

"ಅಂಗಾರೆ ಎಬ್ಬಿಸ್ಬ್ಯಾಡಿ," ಅಂದಳು ಸುನಿತಾ. "ಬಸ್ಸು ಬೆಟ್ಟದ್ ಮೇಲಿನ ದೇವಸ್ಥಾನದ ಗಂಟ ಓಗಿ ತಿರ್ಗಿ ಬತ್ತದೆ. ಬರಾವಾಗ ಇಳ್ಸಾಕೆ ಕಂಡಕ್ಟರ್‌ಗೆ ಏಳಿ."